ಎಡಗಡೆಯ ಮೂರು ಪಕ್ಕೆಲುಬು

ಬಲಗಡೆ ನನ್ನದು, ಎಡಗಡೆ ನನ್ನ ನಾದಿನಿಯದು. ಇದು ಮನೆ ಪಾಲಿನ ಮಾತಲ್ಲ, ಎಲುಬಿನ ಮಾತು. ಮೆಡಿಕಲ್ ಕಾಲೇಜಿನ ನೆಲಮಾಳಿಗೆಯ ಕೋಣೆಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ನಾವಿಬ್ಬರೂ ಒಂದೇ ಮೇಜಿನ ಆಚೆ ಈಚೆ ಕೂತು ಅಸ್ಥಿಪಂಜರ ಕಟ್ಟುತ್ತಿದ್ದೇವೆ. ಕುದಿಸಿ, ಕೊಬ್ಬು ತೆಗೆದು, ಬಿಳುಪು ಮಾಡಿದ ಎಲುಬುಗಳು ಪೆಟ್ಟಿಗೆಯಲ್ಲಿ ಬರುತ್ತವೆ. ಅವಕ್ಕೆ ತೂತು ಕೊರೆದು, ಹಿತ್ತಾಳೆ ತಂತಿ ಪೋಣಿಸಿ, ಮತ್ತೆ ಮನುಷ್ಯನ ಆಕಾರಕ್ಕೆ ತಂದು ಕಬ್ಬಿಣದ ಸ್ಟ್ಯಾಂಡಿಗೆ ನೇತುಹಾಕುವುದು ನಮ್ಮ ಕೆಲಸ. ಮೇಲಿನ ಮಹಡಿಯಲ್ಲಿ ಡಾಕ್ಟರಾಗಲು ಓದುವವರು ಅದರ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಳ್ಳುತ್ತಾರೆ. ಕಟ್ಟಿದವರು ಯಾರೆಂದು ಈವರೆಗೆ ಒಬ್ಬರೂ ಕೇಳಿಲ್ಲ.

ಈ ಪಾಲು ಹಂಚಿದವರು ನನ್ನ ಮಾವ, ಅಂದರೆ ಅವಳ ಅಪ್ಪ. ನಮಗಿಂತ ಮುಂಚೆ ಆ ಕೋಣೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು, ನಮ್ಮಿಬ್ಬರಿಗೂ ಕೆಲಸ ಕಲಿಸಿದವರು. ದೊಡ್ಡವರ ದೇಹದಲ್ಲಿ ಇನ್ನೂರ ಆರು ಎಲುಬು. ಒಂದು ಕೈಯಲ್ಲಿ ಇಪ್ಪತ್ತೇಳು, ಒಂದು ಪಾದದಲ್ಲಿ ಇಪ್ಪತ್ತಾರು. ಎರಡು ಕೈ ಎರಡು ಪಾದ ಕೂಡಿಸಿದರೆ ಅರ್ಧಕ್ಕಿಂತ ಹೆಚ್ಚು ಅಲ್ಲೇ ಮುಗಿಯಿತು, ಅದೂ ಎಲ್ಲ ಚಿಕ್ಕ ಚಿಕ್ಕ ಚೂರು. ಒಬ್ಬರೇ ಎರಡೂ ಕಡೆ ಕಟ್ಟಲು ಹೋದರೆ ಎಡದ್ದು ಬಲಕ್ಕೆ ಸೇರಿ ಎಲ್ಲ ಕಲಸುಮೇಲೋಗರವಾಗುತ್ತದೆ ಎಂದು ಮಾವ ನನಗೆ ಕೆಂಪು ತಟ್ಟೆ, ಅವಳಿಗೆ ಬಿಳಿ ತಟ್ಟೆ ಕೊಟ್ಟರು. ನಡುವಿನ ಬುರುಡೆ, ಬೆನ್ನಿನ ಮಣಿಗಳು, ಎದೆಯ ಮೂಳೆ ಒಂದು ಸಲ ನನಗೆ, ಒಂದು ಸಲ ಅವಳಿಗೆ. ಎಲ್ಲ ಮುಗಿದ ಮೇಲೆ ಒಬ್ಬಳ ಅರ್ಧವನ್ನು ಇನ್ನೊಬ್ಬಳು ಬೆರಳಾಡಿಸಿ ಪರೀಕ್ಷೆ ಮಾಡಬೇಕು. ಸರಿಯಿಲ್ಲದಿದ್ದರೆ ಬಿಚ್ಚಬೇಕು.

ಮೈ ಮುಟ್ಟದೆ, ಮುಖ ನೋಡದೆ ಮಾಡಬಹುದಾದ ಕೆಲಸ ಇದು. ನಮ್ಮಿಬ್ಬರಿಗೆ ಅದೇ ಅನುಕೂಲವಾಗಿದೆ. ಒಂದೂವರೆ ವರ್ಷದಿಂದ ನಮಗೆ ಮಾತಿಲ್ಲ. ಹೇಳಲೇಬೇಕಾದ್ದನ್ನು ಮೇಜಿನ ಮೇಲಿರುವ ಬುರುಡೆಗೆ ಹೇಳುತ್ತೇವೆ.

"ಸಣ್ಣ ಇಕ್ಕಳ ಯಾರ ಹತ್ರ ಇದೆಯೋ ಏನೋ," ಎಂದು ನಾನು ಬುರುಡೆಗೆ ಹೇಳುತ್ತೇನೆ.

"ಕಣ್ಣು ತೆಗೆದು ನೋಡಿದ್ರೆ ಕಾಣುತ್ತೆ," ಎಂದು ಅವಳೂ ಬುರುಡೆಗೇ ಹೇಳುತ್ತಾಳೆ. ಕಣ್ಣಿಲ್ಲದ ಬುರುಡೆ ಇಬ್ಬರ ಕಡೆಗೂ ಹಲ್ಲು ಕಿರಿದುಕೊಂಡು ಕೂತಿರುತ್ತದೆ.

ಮಾತು ನಿಂತದ್ದು ಮಾವ ಸತ್ತ ದಿನ. ಅವರು ಕೊನೆಯ ನಾಲ್ಕು ವರ್ಷ ನಮ್ಮ ಮನೆಯಲ್ಲಿದ್ದರು. ಒಂದು ರಜೆಯ ದಿನ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದರು. ಬಲ ತೊಡೆಮೂಳೆ ಸೊಂಟಕ್ಕೆ ಸೇರುವ ಜಾಗದಲ್ಲಿ ಮುರಿಯಿತು. ಹೃದಯ ತಡೆಯುವುದಿಲ್ಲ ಎಂದು ಡಾಕ್ಟರು ಆಪರೇಷನ್ ಮಾಡಲಿಲ್ಲ. ಏಳು ವಾರ ಮಲಗಿದಲ್ಲೇ ಇದ್ದು ಹೋದರು. ದೇಹವನ್ನು ಕಾಲೇಜಿಗೇ ಬರೆದುಕೊಟ್ಟಿದ್ದರು. ಗಾಡಿ ಬರುವುದನ್ನು ಕಾಯುತ್ತ ನೆಂಟರೆಲ್ಲ ಕೂತಿದ್ದಾಗ ನಾದಿನಿ ಎದ್ದು ನಿಂತು ನನ್ನತ್ತ ಬೆರಳು ತೋರಿಸಿದಳು. "ಅಪ್ಪ ಬಿದ್ದಿದ್ದಲ್ಲ, ಇವಳು ತಳ್ಳಿದ್ದು," ಎಂದಳು.

ನಾನು ತಳ್ಳಲಿಲ್ಲ. ಅವರು ಬಿದ್ದಾಗ ನಾನು ಅಡುಗೆಮನೆಯಲ್ಲಿದ್ದೆ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇದನ್ನು ನೆಂಟರ ಮನೆಮನೆಗೆ ಹೋಗಿ ಹೇಳಿಕೊಂಡು ಬರುವ ಜಾಯಮಾನ ನನ್ನದಲ್ಲ. ಎಲುಬಿಲ್ಲದ ನಾಲಿಗೆ ಹೇಗೆ ಬೇಕಾದರೂ ಹೊರಳುತ್ತದೆ, ಹೊರಳಲಿ ಬಿಡು ಎಂದು ಸುಮ್ಮನಾಗಬಹುದಿತ್ತು. ಆದರೆ ನಮ್ಮವರೂ ಅಲ್ಲೇ ಗೋಡೆಗೊರಗಿ ನಿಂತು ಆ ಮಾತು ಕೇಳಿಸಿಕೊಂಡರು. ನಮ್ಮವರೆಂದರೆ ನನ್ನ ಗಂಡ, ಅವಳ ಅಣ್ಣ. ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಹಾಕುವವರು. ಅಪ್ಪನ ಕಸುಬು ನೋಡಿದರೆ ಹೊಟ್ಟೆ ತೊಳಸುತ್ತದೆ ಎಂದು ನಮ್ಮ ಕೋಣೆಗೆ ಒಂದು ದಿನವೂ ಕಾಲಿಟ್ಟವರಲ್ಲ. ಅವರು ತಂಗಿಗೆ "ಬಾಯಿ ಮುಚ್ಚು" ಎನ್ನಲಿಲ್ಲ. ನನಗೆ "ತಳ್ಳಿದೆಯಾ" ಎಂದೂ ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಕೇಳುವ ಬದಲು ಹಾಸಿಗೆ ಸುತ್ತಿಕೊಂಡು ಹೊರಗಿನ ಕೋಣೆಗೆ ಹೋದರು. ಅತ್ತ ದರಿ, ಇತ್ತ ಪುಲಿ ಎಂದು ಅವರಿಗನ್ನಿಸಿರಬಹುದು. ಪುಲಿ ಯಾರೆಂದು ನಾನು ವಿಚಾರಿಸಲು ಹೋಗಿಲ್ಲ. ಇಪ್ಪತ್ತಾರು ವರ್ಷ ಜೊತೆಗೆ ಬದುಕಿದ ಗಂಡಸು ನಾನು ಎದುರಿಗೆ ಬಂದರೆ ಪಕ್ಕಕ್ಕೆ ಸರಿದು ದಾರಿ ಬಿಡುವುದಿದೆಯಲ್ಲ, ಅದನ್ನು ದಿನಾ ನೋಡಬೇಕು. ಅದು ನಿಲ್ಲಬೇಕು, ನನಗೆ ಬೇಕಾದದ್ದು ಇಷ್ಟೇ. ನಾದಿನಿಯ ಮೇಲಿನ ನನ್ನ ಸಿಟ್ಟು ಎಷ್ಟಿತ್ತೆಂದರೆ ಅವಳ ಬಳೆಯ ಸದ್ದು ಕೇಳಿದರೂ ನನ್ನ ದವಡೆ ಬಿಗಿಯುತ್ತಿತ್ತು.

ಹೀಗಿರುವಾಗ ಒಂದು ಸೋಮವಾರ ಪ್ರೊಫೆಸರು ತಾವೇ ಕೆಳಗಿಳಿದು ಬಂದರು. ಹಿಂದೆ ಒಬ್ಬ ಜವಾನ, ಅವನ ಕೈಯಲ್ಲಿ ಪೆಟ್ಟಿಗೆ. ಪ್ರೊಫೆಸರು ಒಂದು ಕಾಗದ ತೋರಿಸಿದರು. ಮಾವನ ಅಕ್ಷರ. ಪಾಠಕ್ಕೆ ಬಳಸಿ ಆದ ಮೇಲೆ ನನ್ನ ಎಲುಬನ್ನು ಸುಡಬೇಡಿ, ಕಟ್ಟಿ ನಿಲ್ಲಿಸಿ, ನನ್ನ ಮಗಳು ಮತ್ತು ಸೊಸೆಯೇ ಕಟ್ಟಬೇಕು, ಹೊರಗಿನ ಕೈ ಬೇಡ ಎಂದು ಬರೆದಿದ್ದರು.

"ಬಲವಂತ ಏನಿಲ್ಲ," ಎಂದರು ಪ್ರೊಫೆಸರು. "ನಿಮಗೆ ಕಷ್ಟ ಆಗುತ್ತೆ ಅಂದ್ರೆ ಬೇರೆಯವರಿಗೆ ಕೊಡ್ತೀನಿ."

"ನಾನು ಮಾಡ್ತೀನಿ," ಎಂದೆವು ಇಬ್ಬರೂ ಒಟ್ಟಿಗೆ. ಅವರನ್ನು ಇನ್ನೊಬ್ಬಳ ಕೈಗೆ ಪೂರ್ತಿ ಒಪ್ಪಿಸುವ ಔದಾರ್ಯ ಇಬ್ಬರಲ್ಲೂ ಇರಲಿಲ್ಲ.

ನಡುವಿನ ಭಾಗ ಈ ಸಲ ನನ್ನ ಸರದಿ. ಇಪ್ಪತ್ತನಾಲ್ಕು ಬೆನ್ನುಮಣಿಗಳನ್ನು ಸಾಲಾಗಿ ಇಟ್ಟೆ. ಕತ್ತಿನವು ಏಳು, ಪಕ್ಕೆಲುಬು ಹೊರುವವು ಹನ್ನೆರಡು, ಸೊಂಟದವು ಐದು. ಮೇಜಿನ ಮೇಲೆ ಬಾಗಿ ಬಾಗಿ ಕೆಳಗಿನ ಎರಡು ಮಣಿಗಳು ಒಂದಕ್ಕೊಂದು ಅಂಟಿಹೋಗಿದ್ದವು. ಬಲಗೈ ಹೆಬ್ಬೆರಳಿನ ಬುಡ ಇಕ್ಕಳ ಹಿಡಿದು ಹಿಡಿದು ಗುಂಡಿಯಂತೆ ಹೊಳೆಯುತ್ತಿತ್ತು. ನಾಲಿಗೆಯ ಬುಡದ ಪುಟ್ಟ ಮೂಳೆ ಬೇರೆ ಸೀಸೆಯಲ್ಲಿತ್ತು. ಇಡೀ ದೇಹದಲ್ಲಿ ಇನ್ನಾವ ಎಲುಬಿಗೂ ತಾಗದೆ ಒಂಟಿಯಾಗಿರುವುದು ಅದೊಂದೇ. ನಮ್ಮ ಮನೆಯಲ್ಲಿ ನನಗಿರುವ ಸ್ಥಾನವೇ ಅದಕ್ಕೂ. ಎಲ್ಲಕ್ಕಿಂತ ಉದ್ದದ ಎಲುಬು ತೊಡೆಯದು. ಬಲಗಡೆಯದು ನನ್ನ ಕೆಂಪು ತಟ್ಟೆಗೆ ಬಂತು, ಮುರಿದ ತುಂಡು ಬೇರೆ, ಉಳಿದದ್ದು ಬೇರೆ.

ಮುರಿದ ಜಾಗವನ್ನು ದೀಪದ ಕೆಳಗೆ ಹಿಡಿದೆ. ಒಳಗೆಲ್ಲ ಗೆದ್ದಲು ತಿಂದ ಮರದ ಹಾಗೆ ಟೊಳ್ಳು.

"ಇಂಥ ಮೂಳೆ ಮುರಿಯೋಕೆ ಯಾರೂ ತಳ್ಳಬೇಕಾಗಿಲ್ಲ," ಎಂದೆ ಬುರುಡೆಗೆ. ಆ ಬುರುಡೆ ಈಗ ಮಾವನದೇ.

ನಾದಿನಿ ತಲೆ ಎತ್ತದೆ ತಂತಿ ತಿರುಚುತ್ತಿದ್ದಳು. "ತಳ್ಳಿದ್ರೂ ಹೀಗೇ ಮುರಿಯುತ್ತೆ," ಎಂದಳು.

ಅವಳ ಮಾತು ಸರಿಯಾಗಿತ್ತು. ಹೇಗೆ ಬಿದ್ದರು ಎಂಬುದನ್ನು ಮುರಿದ ಎಲುಬು ಹೇಳುವುದಿಲ್ಲ, ಕಸುಬು ಬಲ್ಲ ಯಾರಿಗೂ ಇದು ಗೊತ್ತು. ಸರಿ ಎಂದು ಗೊತ್ತಾದ್ದರಿಂದಲೇ ಮೈಯೆಲ್ಲ ಉರಿದುಹೋಯಿತು. ಇಕ್ಕಳ ಎತ್ತಿ ಅವಳತ್ತ ಎಸೆಯದೆ ಇದ್ದದ್ದು ಮಾವನ ಬೆನ್ನುಮಣಿಗಳು ನಡುವೆ ಹರಡಿದ್ದವು ಎಂಬ ಒಂದೇ ಕಾರಣಕ್ಕೆ.

ಹದಿಮೂರನೇ ದಿನ ಇಬ್ಬರ ಅರ್ಧಗಳೂ ಸೇರಿ ಮಾವ ಸ್ಟ್ಯಾಂಡಿನ ಮೇಲೆ ನಿಂತರು. ಅವತ್ತು ನಾನು ಅವಳ ಕಡೆ ಪರೀಕ್ಷೆ ಮಾಡಬೇಕಿತ್ತು. ಎಡಗೈ ನೋಡಿದೆ, ಎಡ ಪಾದ ನೋಡಿದೆ, ಮಂಡಿಚಿಪ್ಪು ಅಲುಗಿಸಿದೆ. ಅವಳ ಕೆಲಸದಲ್ಲಿ ಕುಂದು ಹುಡುಕುವುದು ಸುಲಭವಲ್ಲ. ದ್ವೇಷವಿದ್ದರೂ ಈ ಒಂದು ಮಾತು ಒಪ್ಪಿಕೊಳ್ಳಬೇಕು. ಆಮೇಲೆ ಪಕ್ಕೆಲುಬಿಗೆ ಬಂದೆ. ಒಂದೊಂದು ಕಡೆ ಹನ್ನೆರಡು. ಮೇಲಿನ ಏಳು ನೇರವಾಗಿ ಎದೆಯ ಮೂಳೆಗೆ ಸೇರುತ್ತವೆ, ಆಮೇಲಿನ ಮೂರು ಏಳನೆಯದರ ಆಸರೆ ಹಿಡಿದುಕೊಂಡಿರುತ್ತವೆ, ಕೊನೆಯ ಎರಡಕ್ಕೆ ಮುಂದೆ ಆಸರೆಯೇ ಇಲ್ಲ. ಹೆಬ್ಬೆರಳಿನಿಂದ ಒಂದೊಂದನ್ನೇ ಸವರುತ್ತ ಏಳನೆಯದಕ್ಕೆ ಬಂದಾಗ ಕೈ ನಿಂತಿತು.

ಭಾರ ಹೆಚ್ಚಾಗಿತ್ತು. ಏಳು, ಎಂಟು, ಒಂಬತ್ತು, ಮೂರೂ ಗಟ್ಟಿಯಾಗಿ ನುಣುಪಾಗಿದ್ದವು. ನನ್ನ ಕಡೆಯ ಮಾವನ ಪಕ್ಕೆಲುಬುಗಳು ಒಣ ಕಡ್ಡಿಯಷ್ಟು ಹಗುರ. ಮುದುಕರ ಪಕ್ಕೆಲುಬಿನ ಮುಂತುದಿ ಗುಳಿ ಬಿದ್ದು ಅಂಚೆಲ್ಲ ಹರಿದ ಕಾಗದದಂತಿರುತ್ತದೆ. ಈ ಮೂರರ ತುದಿ ದುಂಡಗೆ ತುಂಬಿಕೊಂಡಿತ್ತು. ಇಪ್ಪತ್ತು ಇಪ್ಪತ್ತೆರಡರ ಯಾರದೋ ಎಲುಬು. ಬೆನ್ನುಮಣಿ ಪೋಣಿಸಿದವಳು ನಾನು, ಅದರ ಮೇಲಿನ ಕುಳಿಗಳ ಅಳತೆ ನನ್ನ ಬೆರಳಿಗೆ ಗೊತ್ತು. ಇವು ಅದರಲ್ಲಿ ಕೂರುತ್ತಲೇ ಇರಲಿಲ್ಲ.

ನಮ್ಮ ಕೋಣೆಯ ಮೂಲೆಯಲ್ಲಿ ಬಿಡಿ ಎಲುಬುಗಳ ಡಬ್ಬವೊಂದಿದೆ. ಕಾಣೆಯಾದ ಎಲುಬಿನ ಬದಲಿಗೆ ಅದರಿಂದ ತೆಗೆದು ಹಾಕುತ್ತೇವೆ, ಕಾಗದದಲ್ಲಿ ಬರೆದಿಡುತ್ತೇವೆ. ಮಾವನ ಪೆಟ್ಟಿಗೆಯಲ್ಲಿ ಯಾವುದೂ ಕಾಣೆಯಾಗಿರಲಿಲ್ಲ, ಇಪ್ಪತ್ತನಾಲ್ಕು ಪಕ್ಕೆಲುಬನ್ನೂ ನಾನೇ ಮೊದಲ ದಿನ ಎಣಿಸಿದ್ದೆ. ಎಣಿಸಿದ್ದೆನೇ ಹೊರತು ಎಡದ್ದನ್ನು ಮುಟ್ಟಿ ನೋಡಿರಲಿಲ್ಲ, ಅದು ಅವಳ ಪಾಲು. ನಾದಿನಿ ಕೈತಪ್ಪಿ ಹೀಗೆ ಮಾಡುವವಳಲ್ಲ. ಬೇಕೆಂದೇ ಬದಲಿಸಿದ್ದಾಳೆ. ಬದಲಿಸುವಾಗಲೂ ಡಬ್ಬದಲ್ಲಿದ್ದ ಸವೆದದ್ದು, ಸೀಳಿದ್ದು ಬಿಟ್ಟು ಚೆನ್ನಾಗಿರುವುದನ್ನೇ ಆರಿಸಿದ್ದಾಳೆ. ಹತ್ತೊಂಬತ್ತು ವರ್ಷ ಒಳ್ಳೆಯದನ್ನೇ ಆರಿಸಿದ ಕೈ. ಕೆಟ್ಟ ಕೆಲಸ ಮಾಡುವಾಗಲೂ ಅದರ ಅಭ್ಯಾಸ ಬಿಡಲಿಲ್ಲ. ಹಳೇ ಎಲುಬು ಹಾಕಿದ್ದರೆ ನನಗೆ ಗೊತ್ತಾಗುತ್ತಲೇ ಇರಲಿಲ್ಲವೇನೋ.

ಅವಳು ತಂತಿ ತರಲು ಮೇಲೆ ಹೋಗಿದ್ದಳು. ನಾನು ಮೇಜು ಸುತ್ತಿ ಹೋಗಿ ಅವಳ ಡ್ರಾಯರ್ ಎಳೆದೆ. ಅಷ್ಟು ವರ್ಷದಲ್ಲಿ ಅವಳ ಕಡೆಯ ಡ್ರಾಯರಿಗೆ ಕೈ ಹಾಕಿದ್ದು ಅದೇ ಮೊದಲು, ನನಗೆ ನಾಚಿಕೆಯೇನೂ ಆಗಲಿಲ್ಲ. ಒಳಗೆ ಹತ್ತಿಬಟ್ಟೆಯಲ್ಲಿ ಸುತ್ತಿದ ಮೂರು ಪಕ್ಕೆಲುಬು. ಮೂರರಲ್ಲೂ ಒಂದೇ ಜಾಗದಲ್ಲಿ ಗಂಟು.

ಮುರಿದ ಎಲುಬು ಕೂಡಿಕೊಳ್ಳುವಾಗ ಮೊದಲು ಒರಟು ಗಂಟು ಕಟ್ಟುತ್ತದೆ, ವರ್ಷಗಳು ಕಳೆದ ಹಾಗೆ ನಯವಾಗುತ್ತ ಹೋಗುತ್ತದೆ. ಈ ಗಂಟುಗಳು ಸವೆದು ನಯವಾಗಿದ್ದವು. ನಾಲ್ಕು ವರ್ಷಕ್ಕಿಂತ ಹಳೆಯವು, ಅಂದರೆ ನಮ್ಮ ಮನೆಗೆ ಬರುವುದಕ್ಕೆ ಮೊದಲಿನವು. ಅದಕ್ಕೂ ಮೊದಲು ಮಾವ ಎರಡು ವರ್ಷ ಇದ್ದದ್ದು ಮಗಳ ಮನೆಯಲ್ಲಿ. ಒಂದು ಸಂಜೆ ಇದ್ದಕ್ಕಿದ್ದಂತೆ ಕೈಚೀಲ ಹಿಡಿದು ನಮ್ಮ ಬಾಗಿಲಿಗೆ ಬಂದು ನಿಂತಿದ್ದರು. ಎಡ ಮಗ್ಗುಲಿಗೆ ಒಂದು ದಿನವೂ ಮಲಗುತ್ತಿರಲಿಲ್ಲ. ಗ್ಯಾಸು ಎನ್ನುತ್ತಿದ್ದರು.

ನನಗೆ ಆದದ್ದು ಸಂತೋಷ. ಸುಳ್ಳು ಯಾಕೆ ಹೇಳಲಿ? ಸತ್ತವರ ಮುರಿದ ಎಲುಬು ಕೈಯಲ್ಲಿ ಹಿಡಿದುಕೊಂಡು ನಾನು ಖುಷಿಪಟ್ಟೆ.

ನಾದಿನಿ ತಂತಿಯ ಸುರುಳಿ ಹಿಡಿದು ಒಳಗೆ ಬಂದಾಗ ಮೂರೂ ಎಲುಬು ಮೇಜಿನ ಮೇಲಿದ್ದವು. ಬುರುಡೆಯ ಕಡೆ ತಿರುಗುವ ಗೋಜಿಗೆ ನಾನು ಹೋಗಲಿಲ್ಲ.

"ಯಾವನದೋ ಪಕ್ಕೆಲುಬು ತಂದು ನಿಮ್ಮಪ್ಪನಿಗೆ ಹಾಕಿದೀಯ," ಎಂದೆ. "ಇದನ್ನ ಯಾಕೆ ಬಚ್ಚಿಟ್ಟೆ?"

ಅವಳು ತಂತಿ ಕೆಳಗಿಟ್ಟಳು. ಸ್ಟೂಲಿನ ಮೇಲೆ ಕೂತಳು. ಒಂದೂವರೆ ವರ್ಷದ ನಂತರ ನನ್ನ ಮುಖ ನೋಡಿದಳು, ನಾನು ಅವಳದು ನೋಡಿದೆ. ಅವಳಿಗೆ ವಯಸ್ಸಾಗಿತ್ತು.

"ಬೀಗ ಹಾಕ್ಕೊಂಡು ಬರ್ತಿದ್ದೆ," ಎಂದಳು. "ನಿನಗೇ ಗೊತ್ತಲ್ಲ, ರಿಟೈರಾದ್ಮೇಲೂ ದಿನಾ ಇಲ್ಲಿಗೆ ಬಂದು ಕೂತು ನಾವು ಕಟ್ಟಿದ್ದನ್ನ ಬಿಚ್ಚಿ ಹಾಕ್ತಿದ್ರು. ಪ್ರೊಫೆಸರು ನನ್ನನ್ನ ಕರೆದು ಬೈದ್ರು. ಹೇಳಿದ್ರೆ ಕೇಳೋರಲ್ಲ. ಅದಕ್ಕೆ ಹೊರಗಿಂದ ಬೀಗ ಹಾಕೋಕೆ ಶುರು ಮಾಡಿದೆ. ಒಂದು ದಿನ ಸ್ಟೂಲ್ ಇಟ್ಕೊಂಡು ಕಿಟಕಿ ಹತ್ತೋಕೆ ಹೋಗಿದಾರೆ. ಸಂಜೆ ನಾನು ಹೋದಾಗ ನೆಲದ ಮೇಲಿದ್ರು."

"ಡಾಕ್ಟರಿಗೆ ತೋರಿಸ್ಲಿಲ್ವಾ?"

"ಅಪ್ಪನೇ ಬೇಡ ಅಂದ್ರು. ಪಕ್ಕೆಲುಬಿಗೆ ಯಾವ ಡಾಕ್ಟರೂ ಪಟ್ಟಿ ಕಟ್ಟಲ್ಲ, ತಾನಾಗೇ ಕೂಡುತ್ತೆ ಅಂದ್ರು. ತೋರಿಸಿದ್ರೆ ಹೇಗಾಯ್ತು ಅಂತ ಕೇಳ್ತಾರೆ, ಅಣ್ಣನಿಗೆ ಗೊತ್ತಾಗುತ್ತೆ, ನಿನ್ನ ಮೇಲೆ ಮಾತು ಬರುತ್ತೆ ಅಂದ್ರು. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ರು."

"ಅವರು ಮಾತು ಉಳಿಸ್ಕೊಂಡ್ರು. ನೀನು ಊರ ಮುಂದೆ ನನ್ನ ಮೇಲೆ ಹೊರಿಸಿದೆ. ತಾನು ಕಳ್ಳ ಪರರ ನಂಬ ಅನ್ನೋದು ನಿನ್ನಂಥೋರನ್ನ ನೋಡಿಯೇ."

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಮೇಜಿನ ಮೇಲೆ ಮೊಣಕೈ ಊರಿ ಮುಂದಕ್ಕೆ ಬಾಗಿದಳು.

"ನಾನು ಮನೇಲಿರ್ಲಿಲ್ಲ. ನೀನು ಇದ್ದೆ," ಎಂದಳು. "ಅಡುಗೆಮನೆಗೂ ಬಚ್ಚಲಿಗೂ ನಡುವೆ ಒಂದೇ ಗೋಡೆ. ಅಪ್ಪ ಕೊನೆಕೊನೆಗೆ ಒಬ್ಬರೇ ಏಳ್ತಿರ್ಲಿಲ್ಲ, ಕರೀತಿದ್ರು. ಅವತ್ತೂ ಕರೆದಿರ್ಬೇಕಲ್ಲ ಅತ್ತಿಗೆ?"

ಅವಳಿಗೆ ಹೇಳದ್ದನ್ನು ಇಲ್ಲಿ ಹೇಳುತ್ತೇನೆ. ಮಾವ ಮೂರು ಸಲ ಕರೆದರು. ಮೂರು ಸಲವೂ ಕೇಳಿಸಿತು. ಅಂದು ಬೆಳಿಗ್ಗೆ ನಾನು ಕೊಟ್ಟ ತಿಂಡಿಯ ತಟ್ಟೆ ಪಕ್ಕಕ್ಕೆ ಸರಿಸಿ, "ಮಗಳು ಎಷ್ಟು ಚೆನ್ನಾಗಿ ನೋಡ್ಕೊಂಡ್ಲಮ್ಮ, ಅವಳ ಮನೇಲಿ ರಾಜನ ಹಾಗಿದ್ದೆ" ಎಂದಿದ್ದರು. ವಾರಕ್ಕೊಮ್ಮೆಯಾದರೂ ಈ ಮಾತು ಹೇಳುತ್ತಿದ್ದರು. ಅವರ ಮೈ ಒರೆಸಿ, ಬಟ್ಟೆ ಒಗೆದು, ಉಗುರು ಕತ್ತರಿಸುವವಳು ನಾನು, ಹೊಗಳಿಕೆ ಅವಳಿಗೆ. ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಬಚ್ಚಲಿಂದ ಕರೆದಾಗ, ರಾಜರು ಸ್ವಲ್ಪ ಕಾಯಲಿ ಎಂದುಕೊಂಡು ಈರುಳ್ಳಿ ಹೆಚ್ಚುತ್ತ ನಿಂತೆ. ನಾಲ್ಕನೇ ಸಲ ಅವರು ಕರೆಯಲಿಲ್ಲ, ತಾವೇ ಎದ್ದರು.

ಆ ಹೊಗಳಿಕೆ ಮಗಳ ಬೀಗವನ್ನು ಮುಚ್ಚಿಡಲು ಹೇಳುತ್ತಿದ್ದ ಸುಳ್ಳೆಂದು ನನಗೆ ತಿಳಿದದ್ದು ಈಗ, ಅವಳ ಬಾಯಿಂದ. ಈ ಮೂರು ಗಂಟಿನ ಮೇಲೆ ಅವಳ ತಪ್ಪು ಬರೆದಿಟ್ಟ ಹಾಗಿದೆ, ಬೆರಳಿದ್ದವರು ಯಾರು ಬೇಕಾದರೂ ಓದಬಹುದು. ಕೇಳಿಸಿಯೂ ಹೋಗದೆ ನಿಂತವಳ ತಪ್ಪು ಯಾವ ಎಲುಬಿನ ಮೇಲೂ ಗಂಟು ಕಟ್ಟುವುದಿಲ್ಲ.

ನಾನು ಇಕ್ಕಳ ತೆಗೆದುಕೊಂಡೆ. ಮೇಜಿನ ಆಚೆ ಹೋಗಿ, ಅವಳ ಕಡೆ ನಿಂತು, ಹುಡುಗನ ಮೂರು ಪಕ್ಕೆಲುಬು ಬಿಚ್ಚಿ ಮಾವನದನ್ನು ಹಾಕಿದೆ. ಕುಳಿಗಳಲ್ಲಿ ಸರಿಯಾಗಿ ಕೂತವು. ಅವಳು ತಡೆಯಲಿಲ್ಲ.

"ನಾಳೆ ನಿಮ್ಮಣ್ಣನ್ನ ಕರ್ಕೊಂಡು ಬರ್ತೀನಿ," ಎಂದೆ.

"ಅಣ್ಣನಿಗೆ ಬೇಡ ಅತ್ತಿಗೆ. ಪ್ರೊಫೆಸರಿಗೆ ಹೇಳು, ನೆಂಟರಿಗೆಲ್ಲ ಹೇಳು. ನನಗಿರೋದು ಅಣ್ಣ ಒಬ್ಬನೇ."

"ನನಗೂ ಒಬ್ಬರೇ ಇರೋದು," ಎಂದೆ.

ಮರುದಿನ ಹತ್ತು ಗಂಟೆಗೆ ನಮ್ಮವರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಮೆಟ್ಟಿಲಿಳಿದರು. ನಮ್ಮ ಕೋಣೆಯಲ್ಲಿ ಸೋಪಿನ ವಾಸನೆ ಬಿಟ್ಟು ಬೇರೇನೂ ಇರುವುದಿಲ್ಲ, ಆದರೂ ಒತ್ತಿಕೊಂಡೇ ಇದ್ದರು. ಅಪ್ಪನ ಎದುರು ನಿಂತವರು ಎಷ್ಟೋ ಹೊತ್ತು ಪಾದವನ್ನೇ ನೋಡಿದರು. ನಾನು ಅವರ ಬಲಗೈ ಹಿಡಿದುಕೊಂಡೆ, ಬಿಡಿಸಿಕೊಳ್ಳಲು ಬಿಡಲಿಲ್ಲ. ತೋರುಬೆರಳನ್ನು ಏಳನೇ ಪಕ್ಕೆಲುಬಿನ ಗಂಟಿನ ಮೇಲಿಟ್ಟೆ, ಆಮೇಲೆ ಎಂಟನೆಯದು, ಆಮೇಲೆ ಒಂಬತ್ತನೆಯದು. ಗಂಟು ಎಂದರೇನು, ಎಷ್ಟು ಹಳೆಯದು, ಆಗ ಅಪ್ಪ ಯಾರ ಮನೆಯಲ್ಲಿದ್ದರು, ಎಲ್ಲ ಹೇಳಿದೆ. ಬೀಗ, ಕಿಟಕಿ, ಸ್ಟೂಲು, ಒಂದನ್ನೂ ಬಿಡಲಿಲ್ಲ. ನನ್ನ ದನಿ ಪಾಠ ಮಾಡುವವರ ದನಿಯಂತೆ ತಣ್ಣಗಿತ್ತು. ನಾದಿನಿ ತನ್ನ ಸ್ಟೂಲಿನ ಮೇಲೆ ಕೂತಿದ್ದಳು.

"ನಿಜಾನಾ?" ಎಂದು ಕೇಳಿದರು ಅವಳನ್ನು.

"ನಿಜ," ಎಂದಳು.

"ಇನ್ಮೇಲೆ ನಮ್ಮ ಮನೆ ಮೆಟ್ಟಿಲು ಹತ್ತಬೇಡ," ಎಂದರು. ಜೋರಾಗಿ ಹೇಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು. "ಇಷ್ಟು ದಿನ ನಿನ್ನನ್ನ ಅನುಮಾನಿಸಿದೆ. ತಪ್ಪಾಯ್ತು ಕಣೇ."

ಇದೇ ಮಾತಿಗಾಗಿ ನಾನು ಒಂದೂವರೆ ವರ್ಷ ಹಲ್ಲು ಕಚ್ಚಿಕೊಂಡು ಕಾದಿದ್ದೆ. ಈಗ ಅದು ಬಂದಾಗ ಬೇಗ ಮುಗಿಯಲಿ, ಇವರು ಮೇಲೆ ಹೋಗಲಿ ಎನ್ನಿಸಿತು. ಅವರು ಹೋಗಲಿಲ್ಲ. ಅಪ್ಪನ ಪಕ್ಕೆಯ ಮೇಲಿಂದ ಬೆರಳು ತೆಗೆಯದೆ ನಿಂತಿದ್ದರು.

"ಇವಳ ಮನೇಲಿ ಹಗಲೆಲ್ಲ ಕೂಗಿರ್ಬೇಕು ಪಾಪ, ಯಾರೂ ಬರ್ಲಿಲ್ಲ," ಎಂದರು. "ನಮ್ಮನೇಲಾದ್ರೂ ನೀನಿದ್ದೆ. ಅವತ್ತು ಬಚ್ಚಲಿಂದ ಒಂದು ಸಲ ಕರೆದಿದ್ರೂ ಓಡಿ ಹೋಗ್ತಿದ್ದೆ ನೀನು. ಕರೀಲೇ ಇಲ್ಲ, ಅಲ್ವಾ?"

ನಾದಿನಿ ನನ್ನನ್ನೇ ನೋಡುತ್ತಿದ್ದಳು. ಬಾಯಿ ತೆರೆಯಲಿಲ್ಲ. ತೆರೆದಿದ್ದರೂ ಅವಳ ಮಾತನ್ನು ಇನ್ನು ಯಾರು ನಂಬುತ್ತಿದ್ದರು?

"ಇಲ್ಲ," ಎಂದೆ.

ನಮ್ಮವರು ನನ್ನ ಹೆಗಲ ಮೇಲೆ ಕೈಯಿಟ್ಟರು. ಅಂದು ಸಂಜೆ ಹಾಸಿಗೆ ಒಳಗೆ ತಂದರು. ನಾನು ಹೊದಿಕೆ ಜಾಡಿಸಿ ಹಾಕಿಕೊಟ್ಟೆ. ಈಗ ಬಚ್ಚಲಿಗೆ ಹೋದಾಗಲೆಲ್ಲ ಅವರು ಅಲ್ಲಿಂದಲೇ ನನ್ನನ್ನು ಕರೆಯುತ್ತಾರೆ, ಸೋಪು ಕೊಡು, ಟವೆಲು ಕೊಡು ಎಂದು. ಮೊದಲ ಕರೆಗೇ ನಾನು ಕೈಯಲ್ಲಿದ್ದದ್ದನ್ನು ಬಿಸಾಕಿ ಓಡುತ್ತೇನೆ. ಎಷ್ಟು ಒಳ್ಳೆಯ ಹೆಂಡತಿ ಎಂದು ಅವರು ಪ್ರೆಸ್ಸಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಾರಂತೆ.